ಅಂಗಾಲ ಹುಣ್ಣಿಗೆ ಕನ್ನಡಿ ಬೇಕು

ಓದುಗ ಬಂಧುಗಳೇ, ಲೇಖನ ಓದಲು ಕೂರುವ ಮುನ್ನ ನಿಮಗೊಂದು ಪ್ರಶ್ನೆ. ನಿಮ್ಮ ಅಂಗಾಲನ್ನು ನೀವು ಕೊನೆಯ ಸಲ ನೋಡಿಕೊಂಡದ್ದು ಯಾವಾಗ? ಮುಖವನ್ನು ದಿನಕ್ಕೆ ನಾಲ್ಕು ಬಾರಿ ಕನ್ನಡಿಯಲ್ಲಿ ನೋಡುತ್ತೇವೆ. ತಲೆಯಲ್ಲಿ ಒಂದು ಕೂದಲು ಬೆಳ್ಳಗಾದರೂ ಗೊತ್ತಾಗುತ್ತದೆ. ಆದರೆ ನಡೆಯಲು ಕಲಿತಂದಿನಿಂದ ನಮ್ಮನ್ನು ಹೊತ್ತು ತಿರುಗುತ್ತಿರುವ ಅಂಗಾಲಿನ ಕಡೆ ಕಣ್ಣು ಹಾಯಿಸುವವರು ಎಷ್ಟು ಮಂದಿ? 'ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?' ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಅಂಗಾಲಿನ ಹುಣ್ಣಿನ ವಿಷಯದಲ್ಲಿ ಮಾತ್ರ ಈ ಗಾದೆಯನ್ನು ತಿರುಗಿಸಿ ಹೇಳಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವವರ ಅಂಗಾಲಿಗೆ ಕನ್ನಡಿ ಬೇಕೇ ಬೇಕು. ಏಕೆಂದು ಹೇಳುತ್ತೇನೆ.

ನಮ್ಮ ಹಿಂಗಣಾದಲ್ಲಿಯೇ ನೆಲೆಸಿರುವ, ಮೂಲತಃ ಧಾರವಾಡದ ಕಡೆಯ ಹಿರಿಯರೊಬ್ಬರ ಕಥೆ ಇದು. ಹೆಸರು ಬೇಡ, ರಾಯರು ಎನ್ನೋಣ. ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮಾತ್ರೆ ತಪ್ಪಿಸುವವರಲ್ಲ, ಆದರೆ ಹಬ್ಬದ ದಿನ ಹೋಳಿಗೆಯನ್ನೂ ಬಿಡುವವರಲ್ಲ. ವೈಶಾಖದ ಒಂದು ಮಧ್ಯಾಹ್ನ ಗುಡಿಗೆ ಹೋಗಿ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಬಂದರು. ನಾಗಪುರದ ಬಿಸಿಲು ನಿಮಗೆ ಗೊತ್ತೇ ಇದೆ. 45 ಡಿಗ್ರಿ ದಾಟಿದರೂ ಇಲ್ಲಿ ಯಾರಿಗೂ ಆಶ್ಚರ್ಯವಿಲ್ಲ. ಕಲ್ಲುಹಾಸು ಕಾದ ಹೆಂಚಿನಂತೆ ಆಗಿರುತ್ತದೆ. ಜೊತೆಯಲ್ಲಿದ್ದ ಮೊಮ್ಮಗ ಕುಣಿದಾಡುತ್ತ ನೆರಳಿಗೆ ಓಡಿದ. ರಾಯರು ಮಾತ್ರ ಸಾವಕಾಶವಾಗಿ ಹನ್ನೊಂದು ಸುತ್ತು ಮುಗಿಸಿದರು. ಭಕ್ತಿಯೆಂದರೆ ಹೀಗಿರಬೇಕು ಎಂದು ನೋಡಿದವರು ಅಂದುಕೊಂಡರು. ನಿಜ ಸಂಗತಿ ಎಂದರೆ, ಅವರ ಕಾಲಿಗೆ ಬಿಸಿ ತಿಳಿದೇ ಇರಲಿಲ್ಲ.

ಸಂಜೆ ಮನೆಯಲ್ಲಿ ವೈನಿ ಕೂಗಿದರು: "ಏನ್ರೀ ಇದು, ಫರಶಿ ಮ್ಯಾಲೆ ರಕ್ತದ ಹೆಜ್ಜಿ ಬಿದ್ದಾವು!" ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ದವಾಖಾನೆಗೆ ಹೋಗೋಣ ಎಂದರೆ ರಾಯರದು ಒಂದೇ ಮಾತು: "ನೋವಽ ಇಲ್ಲಾ, ಯಾಕ ಹೋಗಬೇಕು?" ಹೀಗೆ ಮೂರು ವಾರ ಕಳೆಯಿತು. ದಿನವೂ ಅದೇ ಕಾಲ ಮೇಲೆ ಪೇಟೆಗೆ, ಬ್ಯಾಂಕಿಗೆ, ವಾಕಿಂಗಿಗೆ ಹೋಗಿ ಬಂದರು. ಮೂರನೆಯ ವಾರ ಚಳಿಜ್ವರ ಬಂತು, ಬಟ್ಟೆ ಬಿಚ್ಚಿದಾಗ ವಾಸನೆ ಹೊಡೆಯಿತು, ಬೆರಳು ಕಪ್ಪಾಗಿತ್ತು. ಶಸ್ತ್ರಚಿಕಿತ್ಸಕರು ಎರಡು ಬೆರಳು ತೆಗೆದು ಪಾದ ಉಳಿಸಿದರು. "ಇನ್ನೊಂದು ವಾರ ತಡ ಮಾಡಿದ್ದರೆ ಮೊಣಕಾಲ ಕೆಳಗೆ ತೆಗೆಯಬೇಕಾಗುತ್ತಿತ್ತು" ಎಂದರಂತೆ.

ಬೆರಳು ಹೋದ ಮೇಲೆ ಶುರುವಾಯಿತು ಸಲಹೆಗಳ ಸುರಿಮಳೆ. ಬೆಂಗಳೂರಿನಿಂದ ಮಗ ಫೋನು ಮಾಡಿ ಸ್ಟೆಮ್ ಸೆಲ್ ಎಂದ. ಪುಣೆಯ ಅಳಿಯ ವ್ಯಾಕ್ಯೂಮ್ ಯಂತ್ರ ಎಂದ. ನೆರೆಯವರೊಬ್ಬರು ಗಾಯ ಮಾಯಿಸುವ ಜೆಲ್ಲಿನ ಚೀಟಿ ತಂದುಕೊಟ್ಟರು. ಯಾವುದು ನಿಜ, ಯಾವುದು ಬರೀ ಜಾಹೀರಾತು? ನಾನು ವೈದ್ಯನಲ್ಲ. ಆದರೆ ರಾಯರ ಜೊತೆ ಆಸ್ಪತ್ರೆಗೆ ಅಲೆದಾಡುವಾಗ ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಂದಮೇಲೆ ಈ ಪುಟ ಓದುತ್ತಿರುವ ನಿಮ್ಮ ಮನೆಯಲ್ಲೂ ಒಬ್ಬರಿಗೆ ಇದ್ದೀತು.

ನೋವಿಲ್ಲದಿರುವುದೇ ರೋಗ

ನೋವು ಶತ್ರು ಎಂದು ನಾವು ತಿಳಿದಿದ್ದೇವೆ. ಅದು ಮನೆ ಕಾಯುವ ನಾಯಿ. ಚಪ್ಪಲಿಯಲ್ಲಿ ಹರಳು ಸಿಕ್ಕಿಕೊಂಡರೆ ಬೊಗಳುತ್ತದೆ, ಬಿಸಿ ತಗುಲಿದರೆ ಬೊಗಳುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಾನುಗಟ್ಟಲೆ ಹೆಚ್ಚಿದ್ದರೆ ಕಾಲಿನ ನರಗಳು ಸೊರಗಿ ಆ ನಾಯಿ ನಿದ್ದೆಗೆ ಜಾರುತ್ತದೆ. ಮೊದಲು ಜುಮುಜುಮು, ಉರಿ, ಹತ್ತಿಯ ಮೇಲೆ ನಡೆದಂತೆ ಅನ್ನಿಸುವುದು. ಕೊನೆಗೆ ಏನೂ ತಿಳಿಯದಿರುವುದು. ಜೊತೆಗೆ ಬೆವರು ನಿಂತು ಚರ್ಮ ಒಣಗಿ ಬಿರಿಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೋತು ಬೆರಳುಗಳು ಮಡಚಿಕೊಳ್ಳುತ್ತವೆ, ದೇಹದ ಭಾರವೆಲ್ಲ ಒಂದೆರಡು ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಆಣಿ ಕಟ್ಟುತ್ತದೆ. ಆಣಿಯ ಅಡಿಯಲ್ಲಿ ಸದ್ದಿಲ್ಲದೆ ಹುಣ್ಣಾಗುತ್ತದೆ.

ಎರಡನೆಯದು ರಕ್ತದ ಹರಿವು. ಕಾಲಿನ ರಕ್ತನಾಳಗಳು ಕಟ್ಟಿಕೊಂಡರೆ ಗಾಯಕ್ಕೆ ಆಮ್ಲಜನಕವೂ ತಲುಪದು, ಔಷಧವೂ ತಲುಪದು. ಇಲ್ಲಿ ನಮ್ಮ ವಿದರ್ಭದ ಖರ್ರಾದ ಬಗ್ಗೆ ಹೇಳಲೇಬೇಕು. ಸುಪಾರಿ, ತಂಬಾಕು, ಸುಣ್ಣ ಹಾಕಿ ಪ್ಲಾಸ್ಟಿಕ್ಕಿನಲ್ಲಿ ತಿಕ್ಕಿ ಕೊಡುವ ಈ ಚಟ ಬಾಯಿಗೆ ಮಾತ್ರ ಕೆಟ್ಟದ್ದೆಂದು ತಿಳಿಯಬೇಡಿ. ತಂಬಾಕು ಯಾವ ರೂಪದಲ್ಲಿ ಒಳಹೊಕ್ಕರೂ ರಕ್ತನಾಳಕ್ಕೆ ಶತ್ರುವೇ. ಬೀಡಿ, ಸಿಗರೇಟು ಸೇದುವವರಿಗಂತೂ ಕಾಲಿನ ಅಪಾಯ ಇನ್ನೂ ಹೆಚ್ಚು.

ಮೂರನೆಯದು ಸೋಂಕು. ಆದರೆ ಗಾಯ ಮಾಯದಿರಲು ಇನ್ನೂ ಒಂದು ಕಾರಣವಿದೆ. ಗಾಯ ಮಾಯುವುದನ್ನು ಬಿದ್ದ ಗೋಡೆ ಕಟ್ಟುವುದಕ್ಕೆ ಹೋಲಿಸಬಹುದು. ಮೊದಲು ರಕ್ತ ಹೆಪ್ಪುಗಟ್ಟಿ ಬಾಗಿಲು ಮುಚ್ಚುತ್ತದೆ. ಆಮೇಲೆ ಬಿಳಿ ರಕ್ತಕಣಗಳು ಬಂದು ಅವಶೇಷ ಗುಡಿಸುತ್ತವೆ. ನಂತರ ಹೊಸ ಮಾಂಸ ತುಂಬಿಕೊಂಡು ಚರ್ಮ ಹರಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಈ ಗುಡಿಸುವ ಕೆಲಸ ಮುಗಿಯುವುದೇ ಇಲ್ಲ. ಕಸ ತೆಗೆಯಲೆಂದು ಹೊರಬಂದ ಕಿಣ್ವಗಳು ಹೊಸದಾಗಿ ಇಟ್ಟ ಇಟ್ಟಿಗೆಯನ್ನೂ ತಿಂದುಹಾಕುತ್ತವೆ. ಗಾಯ ತಿಂಗಳುಗಟ್ಟಲೆ ಇದ್ದ ಹಾಗೇ ಇರುತ್ತದೆ. ಹೊಸ ಚಿಕಿತ್ಸೆಗಳಲ್ಲಿ ಬಹುಪಾಲು ಈ ಹಂತದ ಬೀಗ ತೆಗೆಯುವ ಪ್ರಯತ್ನಗಳೇ.

ಕುಷ್ಠರೋಗಿಗಳಿಂದ ಕಲಿತ ಪಾಠ

ಹೊಸದನ್ನು ಹೇಳುವ ಮೊದಲು ಹಳೆಯದೊಂದನ್ನು ಹೇಳಬೇಕು. ಅದರ ಬೇರು ನಮ್ಮ ದೇಶದಲ್ಲಿಯೇ ಇದೆ. ನೋವು ತಿಳಿಯದ ಪಾದದ ಕಷ್ಟವನ್ನು ಮಧುಮೇಹಿಗಳಿಗಿಂತ ಮುಂಚೆ ಅನುಭವಿಸಿದವರು ಕುಷ್ಠರೋಗಿಗಳು. ನಾಗಪುರದ ಸುತ್ತಮುತ್ತ ಇರುವ ನಮಗೆ ಇದು ದೂರದ ಮಾತಲ್ಲ. ವರ್ಧಾದ ಪಕ್ಕದ ದತ್ತಪುರದಲ್ಲಿ ಮನೋಹರ ದಿವಾಣರು 1936ರಲ್ಲಿ ಕುಷ್ಠಧಾಮ ತೆರೆದರು. ವರೋರಾದ ಆನಂದವನದಲ್ಲಿ ಬಾಬಾ ಆಮ್ಟೆಯವರು ಮಾಡಿದ ಸೇವೆ ಜಗತ್ತಿಗೇ ಗೊತ್ತು.

ಕುಷ್ಠರೋಗಿಯ ಅಂಗಾಲಿನ ಹುಣ್ಣು ರೋಗದಿಂದಲೇ ಆಗುತ್ತದೆ, ಅದು ಮಾಯುವುದಿಲ್ಲ ಎಂಬ ನಂಬಿಕೆ ಆಗ ಇತ್ತು. 1930ರ ದಶಕದಲ್ಲಿ ಭಾರತ ಮತ್ತು ಸಿಂಹಳದ ಕೆಲವು ವೈದ್ಯರು ಅಂಥ ಕಾಲಿಗೆ ಪ್ಲಾಸ್ಟರ್ ಹಾಕಿ ನೋಡಿದರು. ಹುಣ್ಣು ಮಾಯಿತು! ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಇದರ ಮರ್ಮವನ್ನು ವಿವರವಾಗಿ ತಿಳಿಸಿಕೊಟ್ಟರು. ನೋವು ತಿಳಿಯದೆ ಅದೇ ಜಾಗದ ಮೇಲೆ ಮತ್ತೆ ಮತ್ತೆ ನಡೆಯುವುದೇ ಹುಣ್ಣಿಗೆ ಕಾರಣ. ಭಾರ ಇಳಿಸಿದರೆ ದೇಹವೇ ಗಾಯ ಮಾಯಿಸಿಕೊಳ್ಳುತ್ತದೆ. 1960ರ ದಶಕದಲ್ಲಿ ಅವರು ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದಾಗ ಈ ವಿದ್ಯೆಯೂ ಅವರ ಜೊತೆ ಹೋಯಿತು. ಅಲ್ಲಿ ಅದು ಮಧುಮೇಹಿಗಳ ಕಾಲಿಗೂ ಬಂತು. ಪಾದಕ್ಕೆ ಎಲ್ಲೆಡೆ ಅಂಟಿಕೊಂಡಂತೆ ಹಾಕುವ ಈ ಪ್ಲಾಸ್ಟರ್ ಅಂಗಾಲಿನ ಭಾರವನ್ನು ಪಾದದ ತುಂಬ ಮತ್ತು ಮೊಣಕಾಲ ಕೆಳಗಿನವರೆಗೆ ಹಂಚಿಬಿಡುತ್ತದೆ.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಇಂಥ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ 12 ವಾರಗಳಲ್ಲಿ ಶೇಕಡ 89.5ರಷ್ಟು ಮಂದಿಯ ಹುಣ್ಣು ಮಾಯಿತು. ಬಿಚ್ಚಿ ಹಾಕಬಹುದಾದ ದುಬಾರಿ ಬೂಟು ತೊಟ್ಟವರಲ್ಲಿ ಶೇಕಡ 65 ಮಾತ್ರ. ಏಕೆ ಈ ವ್ಯತ್ಯಾಸ? ಎರಡು ವರ್ಷದ ನಂತರ ಅದೇ ತಂಡದವರು ರೋಗಿಗಳ ಹೆಜ್ಜೆಗಳನ್ನು ಯಂತ್ರದಿಂದ ಎಣಿಸಿದರು. ಬಿಚ್ಚಬಹುದಾದ ಬೂಟನ್ನು ಕೊಟ್ಟರೆ ಜನ ದಿನದ ನಡಿಗೆಯ ಶೇಕಡ 28ರಷ್ಟನ್ನು ಮಾತ್ರ ಅದರಲ್ಲಿ ನಡೆಯುತ್ತಾರೆ! ಮನೆಯೊಳಗೆ ಬಂದೊಡನೆ ಬಿಚ್ಚಿಡುತ್ತಾರೆ. ನಮ್ಮ ರಾಯರೂ ಅಷ್ಟೇ. ದೇವರ ಮನೆಗೆ, ಅಡಿಗೆ ಮನೆಗೆ ಪಾದರಕ್ಷೆ ಹೇಗೆ ಹಾಕಿಕೊಳ್ಳುವುದು ಎಂದು ಅವರ ಸಂಕೋಚ. ಕೊನೆಗೆ ವೈನಿಯೇ ಹೊಸ ಜೋಡೊಂದನ್ನು ಮನೆಯ ಒಳಗಿಗೆಂದೇ ಮೀಸಲಿಟ್ಟು ಆ ಸಮಸ್ಯೆ ಬಗೆಹರಿಸಿದರು. ಆದರೆ ನೆನಪಿಡಿ, ಸೋಂಕು ಜೋರಾಗಿದ್ದರೆ ಅಥವಾ ಕಾಲಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಈ ಪ್ಲಾಸ್ಟರ್ ಹಾಕುವುದಿಲ್ಲ. ಯಾರಿಗೆ, ಯಾವಾಗ ಎಂಬುದನ್ನು ತಜ್ಞರೇ ನಿರ್ಧರಿಸಬೇಕು.

ಇನ್ನೊಂದು ಹೆಮ್ಮೆಯ ಸಂಗತಿ. ಮಧುಮೇಹಿಗಳ ಪಾದ ಉಳಿಸುವ ಕೆಲಸದಲ್ಲಿ ನಾಗಪುರಕ್ಕೆ ದೊಡ್ಡ ಹೆಸರಿದೆ. ಇಲ್ಲಿನ ಮಧುಮೇಹ ತಜ್ಞ ಡಾ. ಶರದ್ ಪೆಂಡಸೆ ಅವರು ಟಾಂಜಾನಿಯಾದ ಡಾ. ಅಬ್ಬಾಸ್ ಮೊದಲಾದವರ ಜೊತೆಗೂಡಿ 'ಸ್ಟೆಪ್ ಬೈ ಸ್ಟೆಪ್' ಎಂಬ ಯೋಜನೆಯನ್ನು ನಡೆಸಿದರು. ವಿಶ್ವ ಮಧುಮೇಹ ಪ್ರತಿಷ್ಠಾನ ಹಣ ಒದಗಿಸಿತು. ಊರೂರಿನಿಂದ ಒಬ್ಬ ವೈದ್ಯ ಮತ್ತು ಒಬ್ಬ ನರ್ಸ್, ಹೀಗೆ ಜೋಡಿಯಾಗಿ ಕರೆಸಿ ಪಾದ ಪರೀಕ್ಷೆ, ಆಣಿ ತೆಗೆಯುವುದು, ಗಾಯ ಶುದ್ಧಿ ಮಾಡುವುದು ಕಲಿಸಿ ಕಳಿಸುವುದು ಇದರ ಕ್ರಮ. 2007ರಲ್ಲಿ ಇದನ್ನು ಬಡ ದೇಶಗಳಿಗೆ ಒಂದು ಮಾದರಿ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಲಾಯಿತು. ಅಲ್ಲಿ ಹೊಸ ಔಷಧವೇನೂ ಇರಲಿಲ್ಲ. ನೋಡುವ ಕಣ್ಣು, ಮುಟ್ಟುವ ಕೈ, ಸಮಯಕ್ಕೆ ಸರಿಯಾದ ಕೆಲಸ, ಇಷ್ಟೇ.

ಹೊಸ ಚಿಕಿತ್ಸೆಗಳು

ಈಗ ಹೊಸ ಚಿಕಿತ್ಸೆಗಳಿಗೆ ಬರೋಣ. ಅವು ಸುಳ್ಳಲ್ಲ. ಸರಿಯಾದ ಗಾಯಕ್ಕೆ, ಸರಿಯಾದ ಸಮಯಕ್ಕೆ ಕೊಟ್ಟರೆ ಉಪಯೋಗವಿದೆ.

ಪುಣೆಯ ಅಳಿಯ ಹೇಳಿದ ವ್ಯಾಕ್ಯೂಮ್ ಯಂತ್ರದ ವಿಧಾನವನ್ನು 1997ರಲ್ಲಿ ಅಮೆರಿಕದ ಅರ್ಜೆಂಟಾ ಮತ್ತು ಮೋರಿಕ್‌ವಾಸ್ ಎಂಬಿಬ್ಬರು ಪ್ರಚುರಪಡಿಸಿದರು. ಗಾಯದ ಮೇಲೆ ಸ್ಪಂಜಿಟ್ಟು, ಗಾಳಿಯಾಡದಂತೆ ಹಾಳೆ ಅಂಟಿಸಿ, ಕೊಳವೆಯಿಂದ ಮೆಲ್ಲಗೆ ಎಳೆಯುತ್ತಾರೆ. ಒಸರುವ ನೀರು ಹೊರಹೋಗುತ್ತದೆ, ಊತ ಇಳಿಯುತ್ತದೆ, ಹೊಸ ಮಾಂಸ ಬೇಗ ತುಂಬುತ್ತದೆ. ಪಾದದ ಭಾಗ ತೆಗೆಸಿಕೊಂಡ 162 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಯಂತ್ರ ಬಳಸಿದವರಲ್ಲಿ 16 ವಾರಗಳಲ್ಲಿ ಶೇಕಡ 56 ಮಂದಿ ಗುಣವಾದರೆ, ಮಾಮೂಲು ಡ್ರೆಸಿಂಗ್‌ನವರಲ್ಲಿ ಶೇಕಡ 39. ರಾಯರಿಗೂ ಶಸ್ತ್ರಚಿಕಿತ್ಸೆಯ ನಂತರ ಎರಡು ವಾರ ಇದನ್ನೇ ಹಾಕಿದರು.

ನೆರೆಯವರು ತಂದ ಚೀಟಿಯಲ್ಲಿದ್ದ ಜೆಲ್ಲುಗಳು ಬೇರೆ ಬಗೆ. ನಮ್ಮ ದೇಹವೇ ಗಾಯದ ಜಾಗದಲ್ಲಿ 'ಇಲ್ಲಿ ಬೆಳೆಯಿರಿ' ಎಂದು ಜೀವಕೋಶಗಳಿಗೆ ಸಂದೇಶ ಕಳಿಸುವ ಪ್ರೋಟೀನುಗಳನ್ನು ತಯಾರಿಸುತ್ತದೆ. ಅದನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಹಚ್ಚುವುದು. ಇಂಥ ಮೊದಲ ಜೆಲ್ಲು ಬೆಕಾಪ್ಲರ್ಮಿನ್. ಅದಕ್ಕೆ ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆಯಿತು. ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ಇದೇ ತರಹದ ಮತ್ತೊಂದು ಪ್ರೋಟೀನಿನ ಜೆಲ್ಲನ್ನು ರಿಜೆನ್-ಡಿ ಎಂಬ ಹೆಸರಿನಲ್ಲಿ ತಂದಿತು. ಕ್ಯೂಬಾ ದೇಶದವರು ಅದನ್ನೇ ಗಾಯದೊಳಗೆ ಚುಚ್ಚಿ ಕೊಡುವ ಹೆಬರ್‌ಪ್ರಾಟ್ ತಯಾರಿಸಿದರು.

ಇನ್ನೊಂದು ಯೋಚನೆ, ಆ ಗುಡಿಸುವ ಕಿಣ್ವಗಳ ಕೈ ಕಟ್ಟುವುದು. ಸಕ್ಕರೆಯಿಂದ ತಯಾರಾದ ಸುಕ್ರೋಸ್ ಆಕ್ಟಾಸಲ್ಫೇಟ್ ಎಂಬ ವಸ್ತುವನ್ನು ಡ್ರೆಸಿಂಗ್‌ನಲ್ಲಿ ಸೇರಿಸಿ ಐರೋಪ್ಯ ದೇಶಗಳಲ್ಲಿ 240 ಮಂದಿಯ ಮೇಲೆ ಪರೀಕ್ಷಿಸಿದರು. 2018ರಲ್ಲಿ ಬಂದ ಫಲಿತಾಂಶ: 20 ವಾರಗಳಲ್ಲಿ ಶೇಕಡ 48 ಮಂದಿಯ ಹುಣ್ಣು ಮುಚ್ಚಿತು, ಸಾದಾ ಡ್ರೆಸಿಂಗ್‌ನವರಲ್ಲಿ ಶೇಕಡ 30. ಸಕ್ಕರೆ ಕಾಯಿಲೆಯ ಗಾಯಕ್ಕೆ ಸಕ್ಕರೆಯ ಮಗುವೇ ಮದ್ದು, ನೋಡಿ! ಅದೇ ವರ್ಷ ಮತ್ತೊಂದು ವಿಧಾನದ ಫಲಿತಾಂಶವೂ ಬಂತು. ರೋಗಿಯದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬಿಲ್ಲೆಯಂತೆ ಗಟ್ಟಿ ಮಾಡಿ ಗಾಯದ ಮೇಲಿಡುವುದು. ಅದರಲ್ಲಿ 20 ವಾರಕ್ಕೆ ಶೇಕಡ 34, ಅದಿಲ್ಲದವರಲ್ಲಿ ಶೇಕಡ 22.

ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಒಂದಕ್ಕಿಂತ ಇನ್ನೊಂದು ಮೇಲು ಎನ್ನಲಾಗದು. ರೋಗಿಗಳು ಬೇರೆ, ಗಾಯಗಳು ಬೇರೆ. ಆದರೆ ಒಂದು ಮಾತು ಗಮನಿಸಿ. ಈ ಪರೀಕ್ಷೆಗಳಲ್ಲಿ ಹೊಸ ಮದ್ದು ಸಿಕ್ಕವರಿಗೂ ಸಿಗದವರಿಗೂ ಗಾಯ ಶುದ್ಧಿ, ಪಾದದ ಭಾರ ಇಳಿಸುವುದು, ಇವೆಲ್ಲ ಮೊದಲು ನಡೆದಿತ್ತು. ಹೊಸ ಮದ್ದು ಅದರ ಮೇಲಿನದು. ಅಡಿಪಾಯವಿಲ್ಲದೆ ಬರೀ ಕಳಸ ತಂದರೆ ಎಲ್ಲಿ ಇಡುವುದು?

ನಮ್ಮ ಹಿತ್ತಲಿನ ಎರಡು ಗಿಡ

ಈಗ ನಿಮಗೆ ಸಂತೋಷವಾಗುವ ಸುದ್ದಿ. ದೊಡ್ಡಪತ್ರೆ ಯಾರಿಗೆ ಗೊತ್ತಿಲ್ಲ? ಮಕ್ಕಳಿಗೆ ಕೆಮ್ಮು ಬಂದರೆ ಕೆಂಡದಲ್ಲಿ ಬಾಡಿಸಿ ರಸ ಹಿಂಡುತ್ತೇವೆ, ತಂಬುಳಿ ಮಾಡುತ್ತೇವೆ. ಒಂದೆಲಗವೂ ಹಾಗೆಯೇ, ಮಂಗಳೂರು ಕಡೆಯವರು ತಿಮರೆ ಎನ್ನುತ್ತಾರೆ, ಚಟ್ನಿ ಅರೆಯುತ್ತಾರೆ. ತೈವಾನ್ ದೇಶದ ವಿಜ್ಞಾನಿಗಳು ಇದೇ ಎರಡು ಗಿಡಗಳ ಸತ್ವವನ್ನು ಬೇರ್ಪಡಿಸಿ, ಶುದ್ಧಿಗೊಳಿಸಿ ಒಂದು ಮುಲಾಮು ತಯಾರಿಸಿದರು. 236 ಮಧುಮೇಹಿಗಳ ಪಾದದ ಹುಣ್ಣಿನ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. 16 ವಾರಗಳಲ್ಲಿ ಮುಲಾಮು ಹಚ್ಚಿಕೊಂಡವರಲ್ಲಿ ಶೇಕಡ 60.7 ಮಂದಿಯ ಹುಣ್ಣು ಪೂರ್ತಿ ಮಾಯಿತು, ಹೀರುವ ಡ್ರೆಸಿಂಗ್ ಕಟ್ಟಿಕೊಂಡವರಲ್ಲಿ ಶೇಕಡ 35.1. ಆ ವರ್ಷವೇ ತೈವಾನ್ ಸರಕಾರ ಅದಕ್ಕೆ ಅನುಮತಿ ನೀಡಿತು. ಗುಡಿಸುವ ಕಣಗಳನ್ನು ಶಾಂತಗೊಳಿಸಿ ಕಟ್ಟುವ ಕಣಗಳಿಗೆ ದಾರಿ ಮಾಡಿಕೊಡುವುದೇ ಇದರ ಗುಣವಂತೆ.

ಇದನ್ನು ಓದಿ ಯಾರೂ ಹಿತ್ತಲಿಗೆ ಓಡಬೇಡಿ! ಎಲೆ ಜಜ್ಜಿ ಗಾಯಕ್ಕೆ ಮೆತ್ತಿದರೆ ಮಣ್ಣು, ಕ್ರಿಮಿಗಳೂ ಜೊತೆಗೆ ಹೋಗುತ್ತವೆ. ಔಷಧಿಯಲ್ಲಿರುವುದು ಅಳೆದು ಶುದ್ಧಿಗೊಳಿಸಿದ ಸತ್ವ. ನಮ್ಮ ಅಜ್ಜಿಯಂದಿರು ಆ ಗಿಡಗಳನ್ನು ಕುಂಡದಲ್ಲಿ ಕಾಪಾಡಿಕೊಂಡು ಬಂದದ್ದಕ್ಕೆ ಕೈಮುಗಿಯೋಣ. ಆದರೆ ತೆರೆದ ಗಾಯಕ್ಕೆ ಎಲೆ, ಅರಿಶಿನ, ಸುಣ್ಣ, ಬೂದಿ ಯಾವುದೂ ಬೇಡ. ರಾಯರ ಮೂರು ವಾರ ಅರಿಶಿನದ ಕೆಳಗೇ ಕಳೆದುಹೋದದ್ದು.

ಬೆಂಗಳೂರಿನ ಜೀವಕೋಶಗಳು

ಮಗ ಹೇಳಿದ ಸ್ಟೆಮ್ ಸೆಲ್ ವಿಷಯವೂ ಕಟ್ಟುಕಥೆಯಲ್ಲ. ಮಣಿಪಾಲ ಸಮೂಹದ, ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ಪಡೆದ ಮೂಲಕೋಶಗಳನ್ನು ಬೆಳೆಸಿ ಸ್ಟೆಂಪ್ಯೂಸೆಲ್ ಎಂಬ ಚಿಕಿತ್ಸೆ ರೂಪಿಸಿತು. ಅದನ್ನು ಮೀನಖಂಡದ ಸ್ನಾಯುವಿಗೆ ಚುಚ್ಚಿ ಕೊಡುತ್ತಾರೆ. ಸಣ್ಣ ರಕ್ತನಾಳಗಳು ಹೊಸದಾಗಿ ಚಿಗುರಲಿ ಎಂಬುದು ಉದ್ದೇಶ. ತಂಬಾಕಿನಿಂದ ಬರುವ ಬರ್ಜರ್ ಕಾಯಿಲೆಯಲ್ಲಿ ಕಾಲಿಗೆ ರಕ್ತ ತೀರ ಕಡಿಮೆಯಾದವರಿಗೆಂದು 2016ರಲ್ಲಿ ಭಾರತದ ಔಷಧ ನಿಯಂತ್ರಕರು ಸೀಮಿತ ಅನುಮತಿ ಕೊಟ್ಟರು. 2020ರಲ್ಲಿ ಅನುಮತಿ ವಿಸ್ತಾರವಾಯಿತು. ಇದು ಹೆಮ್ಮೆಯ ಸಂಗತಿಯೇ. ಆದರೆ ನಮ್ಮ ರಾಯರಿಗೆ ಇದು ಬೇಕಿತ್ತೇ? ವೈದ್ಯರು ಪಾದದ ನಾಡಿ ಮುಟ್ಟಿ ನೋಡಿ, ರಕ್ತದ ಹರಿವಿನ ಪರೀಕ್ಷೆ ಮಾಡಿಸಿ, ಬೇಡವೆಂದರು. ಅವರ ನಾಳಗಳು ಚೆನ್ನಾಗಿಯೇ ಇದ್ದವು. ಮಲಗಿದ್ದದ್ದು ನರ. ಮಗನ ಪ್ರೀತಿ ದೊಡ್ಡದು, ಸಲಹೆ ಮಾತ್ರ ಬೇರೆ ಕಾಯಿಲೆಗೆ ಸಂಬಂಧಿಸಿದ್ದು. ಸ್ಟೆಮ್ ಸೆಲ್ ಹೆಸರು ಹೇಳಿ ಅನುಮತಿಯಿಲ್ಲದ ಚಿಕಿತ್ಸೆ ಮಾರುವವರೂ ಇದ್ದಾರೆ, ಎಚ್ಚರಿಕೆ ಇರಲಿ.

ಸಕ್ಕರೆಗೆ ಲಗಾಮು

ಗಾಯದ ಮೇಲೆ ಏನೇ ಹಚ್ಚಿದರೂ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೆ ಪ್ರಯೋಜನವಿಲ್ಲ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದಾಗಿನಿಂದ ಈ ಕ್ಷೇತ್ರ ಬಹಳ ಮುಂದೆ ಬಂದಿದೆ. ಬೆಂಗಳೂರಿನ ಬಯೋಕಾನ್ 2004ರಿಂದಲೇ ಮಾನವ ಇನ್ಸುಲಿನ್ ತಯಾರಿಸುತ್ತಿದೆ. ಗಾಯ ಇರುವಾಗ ವೈದ್ಯರು ಸ್ವಲ್ಪ ದಿನ ಇನ್ಸುಲಿನ್ ಎಂದರೆ 'ಇನ್ನು ಜೀವನಪೂರ್ತಿ ಸೂಜಿ' ಎಂದು ಹೆದರಬೇಡಿ. ಗಾಯ ಮಾಯ್ದ ಮೇಲೆ ಮತ್ತೆ ಮಾತ್ರೆಗೆ ಮರಳಿದವರು ಎಷ್ಟೋ ಮಂದಿ.

ತೋಳಿಗೆ ನಾಣ್ಯದಷ್ಟು ಬಿಲ್ಲೆ ಅಂಟಿಸಿಕೊಂಡರೆ ಎರಡು ವಾರ ಹಗಲೂ ರಾತ್ರಿ ಸಕ್ಕರೆಯ ಏರಿಳಿತ ತೋರಿಸುವ ಸಾಧನ ಈಗ ಸಿಗುತ್ತದೆ. ಬೆಳಗಿನ ಉಪ್ಪಿಟ್ಟು ಏರಿಸುವುದೆಷ್ಟು, ಎರಡು ಭಕ್ರಿ ಏರಿಸುವುದೆಷ್ಟು ಎಂದು ಕಣ್ಣಾರೆ ಕಂಡ ಮೇಲೆ ರಾಯರು ಹೋಳಿಗೆಯ ವಿಷಯದಲ್ಲಿ ತಾವಾಗಿಯೇ ಮೆತ್ತಗಾದರು.

ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಗ್ಲಿಫ್ಲೋಜಿನ್ ಮಾತ್ರೆಗಳು ಹೃದಯ, ಮೂತ್ರಪಿಂಡಕ್ಕೆ ಒಳ್ಳೆಯವೆಂದು ಹೆಸರಾಗಿವೆ. ಆದರೆ ಆ ಗುಂಪಿನ ಕ್ಯಾನಾಗ್ಲಿಫ್ಲೋಜಿನ್ ತೆಗೆದುಕೊಂಡವರಲ್ಲಿ ಬೆರಳು, ಪಾದ ಕತ್ತರಿಸಬೇಕಾಗಿ ಬಂದದ್ದು ಹೆಚ್ಚೆಂದು 2017ರಲ್ಲಿ ಕಂಡುಬಂದು ಅಮೆರಿಕದಲ್ಲಿ ಅತಿ ಗಂಭೀರ ಎಚ್ಚರಿಕೆ ಹಾಕಿಸಿದರು. 2020ರಲ್ಲಿ ಹೆಚ್ಚಿನ ಮಾಹಿತಿ ನೋಡಿ ಆ ಬಗೆಯ ಎಚ್ಚರಿಕೆಯನ್ನು ಕೈಬಿಟ್ಟರೂ, ಕಾಲಿನ ಮೇಲೆ ಗಮನವಿರಲಿ ಎಂಬ ಮಾತು ಉಳಿದಿದೆ. ಆದ್ದರಿಂದ ಪಾದದಲ್ಲಿ ಗಾಯವಿದ್ದರೆ ಸಕ್ಕರೆಯ ಡಾಕ್ಟರಿಗೆ ಅದನ್ನು ತೋರಿಸದೆ ಬರಬೇಡಿ. ವಾರಕ್ಕೊಮ್ಮೆ ಚುಚ್ಚುವ ಸೆಮಾಗ್ಲುಟೈಡ್ ತೂಕ ಇಳಿಸುವುದೆಂದು ಎಲ್ಲರ ಬಾಯಲ್ಲಿದೆ. ರಕ್ತ ಕಡಿಮೆಯಾಗಿ ನಡೆದರೆ ಕಾಲು ಹಿಡಿದುಕೊಳ್ಳುವ 792 ಮಧುಮೇಹಿಗಳಲ್ಲಿ ಅದು ನಡೆಯುವ ದೂರವನ್ನು ಹೆಚ್ಚಿಸಿತೆಂದು 2025ರಲ್ಲಿ ವರದಿಯಾಯಿತು. ಆಶಾದಾಯಕವೇ ಹೌದು. ಆದರೆ ಇವೆಲ್ಲ ನಿಮ್ಮ ವೈದ್ಯರು ತೂಗಿ ನೋಡಿ ಕೊಡಬೇಕಾದವು, ಪಕ್ಕದ ಮನೆಯವರನ್ನು ನೋಡಿ ತೆಗೆದುಕೊಳ್ಳುವಂಥವಲ್ಲ.

ಹಣ ಕಟ್ಟುವ ಮುನ್ನ

ದುಬಾರಿ ಚಿಕಿತ್ಸೆ ಯಾರಾದರೂ ಸೂಚಿಸಿದಾಗ ಸಂಕೋಚಪಡದೆ ಈ ನಾಲ್ಕು ಪ್ರಶ್ನೆ ಕೇಳಿ.

ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿದೆಯೇ, ಪರೀಕ್ಷೆ ಆಗಿದೆಯೇ? ನಾಳ ಕಟ್ಟಿದ್ದರೆ ಮೊದಲು ಅದನ್ನು ತೆರೆಯಬೇಕು.

ಸೋಂಕು ಮೂಳೆಗೆ ಇಳಿದಿದೆಯೇ? ಒಳಗೆ ಕೀವಿರುವಾಗ ಮೇಲೆ ಎಂಥ ಜೆಲ್ಲು ಹಚ್ಚಿದರೂ ವ್ಯರ್ಥ.

ಗಾಯದ ಮೇಲಿನ ಭಾರ ಇಳಿಸಲು ಏನು ಮಾಡುತ್ತೀರಿ? ಪ್ಲಾಸ್ಟರೋ, ಬೂಟೋ, ಚಪ್ಪಲಿಗೆ ಫೋಮೋ?

ಈ ಹೊಸ ಚಿಕಿತ್ಸೆಗೆ ನಮ್ಮ ದೇಶದಲ್ಲಿ ಅನುಮತಿ ಇದೆಯೇ, ನನ್ನಂಥ ಗಾಯಕ್ಕೆಂದೇ ಇದೆಯೇ, ಎಷ್ಟು ವಾರಕ್ಕೆ ಫಲ ಕಾಣಬೇಕು?

ಮೊದಲ ಮೂರಕ್ಕೆ ಉತ್ತರವಿಲ್ಲದೆ ನಾಲ್ಕನೆಯದಕ್ಕೆ ಹಣ ಕಟ್ಟಬೇಡಿ. ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಸೇರಿದೆಯೇ ಎಂಬುದನ್ನೂ ವಿಚಾರಿಸಿ. ನಮ್ಮ ಹಿಂಗಣಾ ರಸ್ತೆಯಲ್ಲಿಯೇ, ಡಿಗ್ಡೋಹ ಗುಡ್ಡದಲ್ಲಿ ವೈದ್ಯಕೀಯ ಕಾಲೇಜಿನ ಲತಾ ಮಂಗೇಶಕರ ಆಸ್ಪತ್ರೆ ಇದೆ. 2020ರಿಂದ ಲೋಕಮಾನ್ಯ ನಗರದಿಂದ ಮೆಟ್ರೋ ಓಡುತ್ತಿರುವುದರಿಂದ ಸೀತಾಬರ್ಡಿ ಕಡೆಗೆ ಹೋಗುವುದೂ ಕಷ್ಟವಲ್ಲ. ಊರಿನಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ ಬೆಂಗಳೂರಿನಲ್ಲಿ ಕರ್ನಾಟಕ ಸರಕಾರದ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. 'ದೂರ ಆಗುತ್ತದೆ' ಎಂಬ ನೆಪ ಬೇಡ.

ದಿನಕ್ಕೆ ಐದು ನಿಮಿಷ

ಹುಣ್ಣು ಒಮ್ಮೆ ಮಾಯ್ದರೆ ಕಥೆ ಮುಗಿಯಿತೆಂದಲ್ಲ. ಮಾಯ್ದವರಲ್ಲಿ ಸುಮಾರು ಶೇಕಡ 40 ಮಂದಿಗೆ ಒಂದು ವರ್ಷದೊಳಗೆ ಮತ್ತೆ ಬರುತ್ತದೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಆದ್ದರಿಂದ ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರೂ ಇಷ್ಟನ್ನು ಮಾಡಬೇಕು.

ರಾತ್ರಿ ಮಲಗುವ ಮುನ್ನ ಕಾಲು ತೊಳೆದು, ಬೆರಳ ಸಂದು ಒರೆಸಿ, ನೆಲದ ಮೇಲೆ ಒಂದು ಕನ್ನಡಿ ಇಟ್ಟು ಅಂಗಾಲು ನೋಡಿ. ಕಣ್ಣು ಮಂದವಾಗಿದ್ದರೆ ಮನೆಯವರು ನೋಡಲಿ. ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸಾಕು, ಬೆರಳ ಸಂದಿಗೆ ಮಾತ್ರ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಚಪ್ಪಲಿ, ಬೂಟು ಹಾಕುವ ಮುನ್ನ ಕೈಹಾಕಿ ಹರಳು, ಮೊಳೆ ಇದೆಯೇ ತಡಕಿ. ಕಾರ್ಖಾನೆಯ ಸೇಫ್ಟಿ ಬೂಟು ಕಚ್ಚಿದರೆ ಹೇಳಿ ಬದಲಿಸಿಕೊಳ್ಳಿ. ಚಪ್ಪಲಿ ಕೊಳ್ಳಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೇಸಿಗೆಯಲ್ಲಿ ಬಿಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಡಿ. ಗುಡಿಗೆ ಬೆಳಗಿನ ಹೊತ್ತು ಹೋದರೂ ದೇವರು ಇದ್ದೇ ಇರುತ್ತಾನೆ. ಡಿಸೆಂಬರಿನ ಚಳಿಯಲ್ಲಿ ಬೆಂಕಿಗೆ ಕಾಲು ಕಾಯಿಸುವುದು, ಬಿಸಿನೀರಿನ ಚೀಲ ಇಟ್ಟುಕೊಳ್ಳುವುದೂ ಅಷ್ಟೇ ಅಪಾಯ. ವರ್ಷಕ್ಕೊಮ್ಮೆ ವೈದ್ಯರಿಂದ ನೈಲಾನ್ ದಾರದ ಸ್ಪರ್ಶ ಪರೀಕ್ಷೆ ಮಾಡಿಸಿ. ನಿಮಿಷದ ಕೆಲಸ, ನೋವಿಲ್ಲ. ಗಾಯ, ಬೊಬ್ಬೆ, ಕೆಂಪು, ಕಪ್ಪು ಏನು ಕಂಡರೂ ಮರುದಿನವೇ ಹೋಗಿ. ನೋವಿದೆಯೇ ಎಂದು ಕಾಯಬೇಡಿ. ಜ್ವರ, ವಾಸನೆ ಇದ್ದರೆ ಆ ಹೊತ್ತೇ ಹೊರಡಿ.

ರಾಯರ ಗಾಯ ಮುಚ್ಚಲು ನಾಲ್ಕು ತಿಂಗಳು ಹಿಡಿಯಿತು. ಎರಡು ವಾರ ವ್ಯಾಕ್ಯೂಮ್, ಆಮೇಲೆ ಪ್ಲಾಸ್ಟರ್, ಕೊನೆಗೆ ಅಳತೆ ಕೊಟ್ಟು ಮಾಡಿಸಿದ ಮೆತ್ತನೆಯ ರಬ್ಬರಿನ ಚಪ್ಪಲಿ. ಅದು ಎಂಸಿಆರ್ ರಬ್ಬರು, ಕುಷ್ಠರೋಗಿಗಳ ಪಾದರಕ್ಷೆಗೆ ಬಳಸುವ ಅದೇ ರಬ್ಬರು. ಮೊದಲು ಅವರಿಗೆ ಅದನ್ನು ಹಾಕಿಕೊಳ್ಳಲು ನಾಚಿಕೆಯಾಗಿತ್ತು. ಈಗ ಸಂಘದ ಕಾರ್ಯಕ್ರಮಕ್ಕೂ ಅದರಲ್ಲಿಯೇ ಬರುತ್ತಾರೆ. ಕೇಳಿದವರಿಗೆ ಕಾಲೆತ್ತಿ ತೋರಿಸಿ, "ನೋಡ್ರೀ, ಎರಡು ಬಟ್ಟು ಕೊಟ್ಟು ಕಲ್ತ ಪಾಠ ಇದು. ನೀವು ಪುಕ್ಕಟೆ ಕಲೀರಿ" ಎನ್ನುತ್ತಾರೆ.

ಅವರ ಮಲಗುವ ಕೋಣೆಯ ಮಂಚದ ಪಕ್ಕ ನೆಲದ ಮೇಲೆ ಗೋಡೆಗೊರಗಿಸಿದ ಒಂದು ಕನ್ನಡಿ ಇದೆ. ಹಿಂದೆ ಬಚ್ಚಲ ಮನೆಯಲ್ಲಿ ಗಡ್ಡ ಹೆರೆಯಲು ಇಟ್ಟಿದ್ದದ್ದು. ಓದುಗ ಬಂಧುಗಳೇ, ನಿಮ್ಮ ಮನೆಯಲ್ಲೂ ಅಂಥದೊಂದು ಕನ್ನಡಿ ಇದ್ದೇ ಇರುತ್ತದೆ. ಇವತ್ತು ರಾತ್ರಿ ಅದನ್ನು ನೆಲಕ್ಕಿಳಿಸಿ.